ಗಾಲಿಯೊಳಗಿನ ಸೆನ್ಸರ್ ಮತ್ತು ಟೈರ್ ಅಂಗಡಿಯ ಹೊಣೆ

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಶಹಾಪುರದಿಂದ ಜೇವರ್ಗಿ ಮಾರ್ಗವಾಗಿ ಕಲಬುರಗಿಗೆ ಕಾರೊಂದು ಹೊರಟಿದೆ ಎಂದು ಭಾವಿಸಬಹುದು. ಊರು ದಾಟುವ ಮುನ್ನವೇ ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಮೇಲ್ಮುಖವಾಗಿ ತೆರೆದ ಕುದುರೆ ಲಾಳದಂತಹ ಗೆರೆ, ಅದರ ನಡುವೆ ಉದ್ಗಾರ ಚಿಹ್ನೆ. ಮಾಲೀಕರು ಕೆಳಗಿಳಿದು ನಾಲ್ಕೂ ಗಾಲಿಗಳನ್ನು ಕಾಲಿನಿಂದ ಒತ್ತಿ ನೋಡುತ್ತಾರೆ. ಯಾವುದೂ ಕುಸಿದಂತೆ ಕಾಣುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಸಾಗುವಷ್ಟರಲ್ಲಿ ಬಿಸಿಲೇರಿ, ಟೈರು ಕಾದು, ದೀಪ ತಾನಾಗಿಯೇ ಆರಿದರೂ ಆರಬಹುದು. ಆಗ "ಸೆನ್ಸರ್ ಕೆಟ್ಟಿದೆ" ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ವಾಸ್ತವದಲ್ಲಿ ಸೆನ್ಸರ್ ಕೆಟ್ಟಿರುವುದಿಲ್ಲ. ಅದು ಬೆಳಿಗ್ಗೆ ಹೇಳಿದ್ದೇ ನಿಜವಾಗಿರುತ್ತದೆ.

ಟೈರಿನ ಗಾಳಿಯ ಒತ್ತಡವನ್ನು ಸದಾ ಅಳೆದು ಚಾಲಕನಿಗೆ ತಿಳಿಸುವ ಈ ವ್ಯವಸ್ಥೆಯನ್ನು ಟಿಪಿಎಂಎಸ್ ಎಂದು ಕರೆಯಲಾಗುತ್ತದೆ. ಹಿಂದೆ ದುಬಾರಿ ವಿದೇಶಿ ಕಾರುಗಳಿಗೆ ಸೀಮಿತವಾಗಿದ್ದ ಇದು ಈಗ ಮಧ್ಯಮ ದರ್ಜೆಯ ಕಾರುಗಳ ಮೇಲಿನ ಆವೃತ್ತಿಗಳಲ್ಲಿಯೂ ದೊರೆಯುತ್ತಿದೆ. ಯಾದಗಿರಿಯ ಗಂಜ್ ವರ್ತಕರು, ಶಹಾಪುರದ ಹತ್ತಿ ವ್ಯಾಪಾರಿಗಳು, ಸುರಪುರದ ಭತ್ತದ ಅಡತಿಗಳು ಕೊಳ್ಳುವ ಕಾರುಗಳು ಇದೇ ದರ್ಜೆಯವು. ಆದರೆ ಈ ಕಾರುಗಳ ಗಾಲಿ ಬಿಚ್ಚುವ ಕೈಗಳು ಮಾತ್ರ ಹಳೆಯವೇ. ಹೊಸ ಸಲಕರಣೆ ಮತ್ತು ಹಳೆಯ ಅಭ್ಯಾಸ ಎದುರಾಗುವ ಈ ಸ್ಥಳದಲ್ಲಿ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದು ಟೈರ್ ವ್ಯಾಪಾರಿಗಳೂ ವಾಹನ ಮಾಲೀಕರೂ ಈಗಲೇ ಯೋಚಿಸಬೇಕಾದ ವಿಷಯವಾಗಿದೆ.

ಶೀತ ದೇಶಗಳ ಟೈರ್ ಅಂಗಡಿ

ಹಿಮ ಬೀಳುವ ದೇಶಗಳಲ್ಲಿ ಕಾರಿಗೆ ಎರಡು ಜೊತೆ ಟೈರುಗಳಿರುವುದು ಸಾಮಾನ್ಯ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಬಿರುಸಾಗತೊಡಗಿ ರಸ್ತೆಯ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲಿಯೂ ಮೃದುವಾಗಿಯೇ ಉಳಿಯುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟೈರು ಕಡ್ಡಾಯ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವ ರಸ್ತೆಯ ಮೇಲೆ ಅವು ಇರಲೇಬೇಕು. 2024ರ ಅಕ್ಟೋಬರ್‌ನಿಂದ ಟೈರಿನ ಮೇಲೆ ಪರ್ವತ ಹಾಗೂ ಹಿಮಕಣದ ಗುರುತು ಇದ್ದರೆ ಮಾತ್ರ ಅಲ್ಲಿ ಅದನ್ನು ಚಳಿಗಾಲದ ಟೈರು ಎಂದು ಒಪ್ಪಲಾಗುತ್ತದೆ. ಉದ್ಯೋಗಕ್ಕಾಗಿ ಆ ದೇಶಗಳಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅಕ್ಟೋಬರ್‌ನಲ್ಲಿ ಒಮ್ಮೆ, ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ಮತ್ತೊಮ್ಮೆ ಟೈರ್ ಅಂಗಡಿಯ ಸರದಿ ಕಾಯುವುದು ವರ್ಷದ ಕೆಲಸಗಳಲ್ಲಿ ಒಂದು.

ಯಾದಗಿರಿ ಜಿಲ್ಲೆಯಲ್ಲಿ ಇಂತಹ ಟೈರಿಗೆ ಕೆಲಸವಿಲ್ಲ. ಇಲ್ಲಿಯ ಅತ್ಯಂತ ಚಳಿಯ ಮುಂಜಾನೆಯೂ ಆ ರಬ್ಬರಿನ ಪಾಲಿಗೆ ಬೇಸಿಗೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಮೃದು ರಬ್ಬರು ಬೇಗನೆ ಸವೆದು ಹೋಗುತ್ತದೆ. ಯಾರಾದರೂ ಅಗ್ಗವೆಂದು ಅಂತಹ ಟೈರನ್ನು ತೋರಿಸಿದರೆ ಕೊಳ್ಳದಿರುವುದೇ ಲೇಸು.

ಟೈರು ಬೇಡವಾದರೂ ಆ ದೇಶಗಳ ಟೈರ್ ಅಂಗಡಿಗಳು ಕಲಿತ ಪಾಠ ಇಲ್ಲಿಗೆ ಬೇಕಾಗಿದೆ. ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಟಿಪಿಎಂಎಸ್ ಕಡ್ಡಾಯವಾಯಿತು. ವರ್ಷಕ್ಕೆ ಎರಡು ಬಾರಿ ಗಾಲಿ ಬದಲಾಗುವ ಕಡೆ ಈ ನಿಯಮ ಬಂದ ಕೂಡಲೇ ಪ್ರಶ್ನೆಗಳೂ ಎದ್ದವು. ಎರಡನೆಯ ಜೊತೆಗೂ ಸೆನ್ಸರ್ ಕೊಳ್ಳಬೇಕೇ? ಹಳೆಯದನ್ನೇ ಬಿಚ್ಚಿ ಹಾಕಬೇಕೇ? ಹೊಸ ಸೆನ್ಸರ್‌ನ ಗುರುತನ್ನು ಕಾರು ಒಪ್ಪಿಕೊಳ್ಳುವಂತೆ ಮಾಡುವುದು ಹೇಗೆ? ಆರಂಭದಲ್ಲಿ ಅಲ್ಲಿಯೂ ಸೆನ್ಸರ್‌ಗಳು ಮುರಿದವು, ಜಗಳಗಳಾದವು. ಆದರೆ ಪ್ರತಿ ಆರು ತಿಂಗಳಿಗೊಮ್ಮೆ ಅದೇ ಕಾರು ಅದೇ ಅಂಗಡಿಗೆ ಬರುತ್ತಿದ್ದುದರಿಂದ ಕೆಲಸಗಾರರು ಬೇಗನೆ ಪಳಗಿದರು. ಇಲ್ಲಿ ಪರಿಸ್ಥಿತಿ ಬೇರೆ. ಒಮ್ಮೆ ಹಾಕಿದ ಟೈರು ನಾಲ್ಕೈದು ವರ್ಷ ಕಳಚುವುದೇ ಇಲ್ಲ. ಸೆನ್ಸರ್ ಇರುವ ಗಾಲಿ ಒಂದು ಸಣ್ಣ ಅಂಗಡಿಗೆ ತಿಂಗಳಿಗೊಂದು ಬಂದರೆ ಹೆಚ್ಚು. ಕೈ ಪಳಗುವುದಕ್ಕೆ ಅವಕಾಶ ಕಡಿಮೆ, ತಪ್ಪಿಗೆ ಅವಕಾಶ ಹೆಚ್ಚು. ಅಲ್ಲಿ ಅಭ್ಯಾಸ ಕಲಿಸಿದ್ದನ್ನು ಇಲ್ಲಿ ತಿಳಿವಳಿಕೆಯಿಂದಲೇ ಗಳಿಸಬೇಕಾಗಿದೆ.

ಬಿಸಿಲಿನಿಂದ ಹುಟ್ಟಿದ ನಿಯಮ

ಟಿಪಿಎಂಎಸ್ ಚಳಿ ದೇಶದ ವಸ್ತು ಎಂಬ ಭಾವನೆ ಸರಿಯಲ್ಲ. ಅದು ಕಾನೂನಾಗಿ ಬಂದದ್ದು ಅಮೆರಿಕದಲ್ಲಿ, ಅದೂ ಬಿಸಿಲ ನಾಡಿನ ಅಪಘಾತಗಳ ಕಾರಣದಿಂದ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಅಳವಡಿಸಿದ್ದಂತಹವು. ವೇಗವಾಗಿ ಸಾಗುತ್ತಿರುವಾಗ ಟೈರಿನ ಮೇಲ್ಪದರ ಕಳಚಿ ವಾಹನ ಉರುಳುತ್ತಿತ್ತು. ಇಂತಹ ಘಟನೆಗಳು ಹೆಚ್ಚಾಗಿ ನಡೆದದ್ದು ದಕ್ಷಿಣದ ಬಿಸಿ ರಾಜ್ಯಗಳಲ್ಲಿ. ಟೈರಿನ ತಯಾರಿಕೆಯ ದೋಷದ ಜೊತೆಗೆ ಆ ವಾಹನಕ್ಕೆ ಶಿಫಾರಸು ಮಾಡಲಾಗಿದ್ದ 26 ಪಿಎಸ್‌ಐ ಗಾಳಿಯೂ ದೊಡ್ಡ ವಿವಾದವಾಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನು ಮಾಡಿತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿಯ ಎಲ್ಲ ಹೊಸ ಲಘು ವಾಹನಗಳಿಗೆ ಟಿಪಿಎಂಎಸ್ ಕಡ್ಡಾಯವಾಯಿತು. ನಿಗದಿತ ಒತ್ತಡಕ್ಕಿಂತ ಶೇಕಡಾ 25ರಷ್ಟು ಕಡಿಮೆಯಾದಾಗ ದೀಪ ಹೊತ್ತಬೇಕೆಂಬುದು ಅಲ್ಲಿಯ ನಿಯಮ. ಯುರೋಪಿನ ಮಾನದಂಡ ಇನ್ನೂ ಬಿಗಿ, ಶೇಕಡಾ 20.

ಗಾಳಿ ಕಡಿಮೆಯಾದ ಟೈರು ರಸ್ತೆಯ ಮೇಲೆ ಉರುಳುವಾಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಿಸಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಾಗಿಸಿದರೆ ಬಿಸಿಯಾಗುವಂತೆ ರಬ್ಬರೂ ಒಳಗಿನಿಂದ ಕಾಯುತ್ತದೆ. ಮೇಲೆ ಬಿಸಿಲು, ಕೆಳಗೆ ಕಾದ ಡಾಂಬರು, ಒಳಗೆ ಈ ತಾಪ. ಮೇ ತಿಂಗಳ ನಡುಮಧ್ಯಾಹ್ನ ಐದು ಜನರನ್ನೂ ಅವರ ಸಾಮಾನನ್ನೂ ಹೇರಿಕೊಂಡು ಸುರಪುರದಿಂದ ತಿಂಥಣಿ ಸೇತುವೆ ದಾಟಿ ಲಿಂಗಸುಗೂರಿನ ಕಡೆ ಧಾವಿಸುವ ಕಾರಿನ ಟೈರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಭಾರತದಲ್ಲಿ ಟಿಪಿಎಂಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾಗಿಲ್ಲ. ಅಳವಡಿಸಿದಲ್ಲಿ ಅದು ಹೇಗಿರಬೇಕೆಂಬುದಕ್ಕೆ ಎಐಎಸ್ 154 ಎಂಬ ಮಾನದಂಡವಿದೆ. ಆದರೆ 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಮೋಟಾರು ವಾಹನ ನಿಯಮಗಳಿಗೆ ತಂದ ಒಂದು ತಿದ್ದುಪಡಿ ಟೈರ್ ಅಂಗಡಿಗಳಿಗೆ ನೇರವಾಗಿ ಸಂಬಂಧಿಸಿದೆ. ಮೂರೂವರೆ ಟನ್ ತೂಕದೊಳಗಿನ, ಟ್ಯೂಬ್‌ಲೆಸ್ ಟೈರಿನ ಪ್ರಯಾಣಿಕ ವಾಹನದಲ್ಲಿ ಟಿಪಿಎಂಎಸ್ ಹಾಗೂ ಟೈರ್ ದುರಸ್ತಿಯ ಕಿಟ್ ಎರಡೂ ಇದ್ದರೆ ಸ್ಟೆಪ್ನಿ ಇರಬೇಕಾಗಿಲ್ಲ ಎಂದು ಆ ತಿದ್ದುಪಡಿ ಹೇಳುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಗೆ ಜಾಗ ಮಾಡಿಕೊಡಲು ಸ್ಟೆಪ್ನಿ ತೆಗೆಯುವುದು ಇದರಿಂದ ಸುಲಭವಾಯಿತು. ಸ್ಟೆಪ್ನಿಯೇ ಇಲ್ಲದ ಕಾರು ದಾರಿಯಲ್ಲಿ ನಿಂತರೆ ಮಾಲೀಕರಿಗೆ ಉಳಿಯುವುದು ಒಂದು ಡಬ್ಬಿ ದ್ರವ ಮತ್ತು ಒಂದು ಪುಟ್ಟ ಪಂಪು. ಆ ಬಳಿಕ ಕಾರು ಬರುವುದು ಹತ್ತಿರದ ಪಂಕ್ಚರ್ ಅಂಗಡಿಗೇ.

ಎರಡು ಬಗೆ

ಟಿಪಿಎಂಎಸ್‌ನಲ್ಲಿ ಎರಡು ಬಗೆಗಳಿವೆ. ಇವುಗಳ ವ್ಯತ್ಯಾಸ ತಿಳಿಯದೇ ಇರುವುದರಿಂದಲೇ ಅರ್ಧದಷ್ಟು ತೊಂದರೆ. ಮೊದಲನೆಯದರಲ್ಲಿ ಗಾಲಿಯೊಳಗೆ ಏನೂ ಇರುವುದಿಲ್ಲ. ಬ್ರೇಕಿನ ಎಬಿಎಸ್ ವ್ಯವಸ್ಥೆಗಾಗಿ ಪ್ರತಿ ಗಾಲಿಯ ವೇಗವನ್ನು ಅಳೆಯುವ ಸಾಧನಗಳು ಹೇಗೂ ಇರುತ್ತವೆ. ಗಾಳಿ ಕಡಿಮೆಯಾದ ಟೈರಿನ ಸುತ್ತಳತೆ ತುಸು ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ಬೇಗ ಸುತ್ತುತ್ತದೆ. ಕಂಪ್ಯೂಟರು ಆ ವ್ಯತ್ಯಾಸವನ್ನು ಹಿಡಿದು ದೀಪ ಹೊತ್ತಿಸುತ್ತದೆ. ಇದು ಅಗ್ಗ, ಮುರಿಯುವ ಭಯವೂ ಇಲ್ಲ. ಆದರೆ ನಾಲ್ಕೂ ಟೈರುಗಳಲ್ಲಿ ಒಂದೇ ಪ್ರಮಾಣದಲ್ಲಿ ಗಾಳಿ ಇಳಿದರೆ ಅದನ್ನು ಗುರುತಿಸುವುದು ಈ ಬಗೆಗೆ ಕಷ್ಟ. ಗಾಳಿ ಸರಿಪಡಿಸಿದ ಅಥವಾ ಟೈರು ಬದಲಾಯಿಸಿದ ನಂತರ ಪ್ರತಿ ಬಾರಿಯೂ ರೀಸೆಟ್ ಮಾಡಲೇಬೇಕು. ರೀಸೆಟ್ ಮಾಡದೇ ಕಳುಹಿಸಿದ ಕಾರು ಮರುದಿನ ಹಿಂದಿರುಗಿ ಬಂದರೆ ಗ್ರಾಹಕರನ್ನು ದೂಷಿಸಿ ಪ್ರಯೋಜನವಿಲ್ಲ.

ಎರಡನೆಯ ಬಗೆಯಲ್ಲಿ ಪ್ರತಿ ಗಾಲಿಯ ಒಳಗೆ, ವಾಲ್ವಿನ ಬುಡಕ್ಕೆ ಹೊಂದಿಕೊಂಡಂತೆ ಬೆಂಕಿಪೊಟ್ಟಣದ ಗಾತ್ರಕ್ಕಿಂತ ಕಿರಿದಾದ ಒಂದು ಸೆನ್ಸರ್ ಇರುತ್ತದೆ. ಅದು ಗಾಳಿಯ ಒತ್ತಡವನ್ನೂ ಉಷ್ಣತೆಯನ್ನೂ ಅಳೆದು ರೇಡಿಯೋ ಅಲೆಯ ಮೂಲಕ ಕಾರಿಗೆ ಕಳುಹಿಸುತ್ತದೆ. ಭಾರತ ಮತ್ತು ಯುರೋಪಿನ ಕಾರುಗಳಲ್ಲಿ ಈ ಅಲೆ ಸಾಮಾನ್ಯವಾಗಿ 433 ಮೆಗಾಹರ್ಟ್ಸ್, ಅಮೆರಿಕದ ಅನೇಕ ಕಾರುಗಳಲ್ಲಿ 315. ವಿದೇಶದಿಂದ ಬಂಧುಗಳು ತಂದುಕೊಟ್ಟ ಸೆನ್ಸರ್ ಇಲ್ಲಿಯ ಕಾರಿನಲ್ಲಿ ಮೂಕವಾಗುವುದಕ್ಕೆ ಅನೇಕ ವೇಳೆ ಇದೇ ಕಾರಣ. ಪ್ರತಿ ಸೆನ್ಸರ್‌ಗೂ ತನ್ನದೇ ಒಂದು ಗುರುತಿನ ಸಂಖ್ಯೆ ಇದ್ದು, ಯಾವ ಸಂಖ್ಯೆ ಯಾವ ಗಾಲಿಯದು ಎಂಬುದನ್ನು ಕಾರು ನೆನಪಿಟ್ಟುಕೊಂಡಿರುತ್ತದೆ. ಬ್ಯಾಟರಿಯನ್ನು ಅಂಟಿನಲ್ಲಿ ಹುದುಗಿಸಿ ಮುಚ್ಚಿರುವುದರಿಂದ ಅದನ್ನು ಮಾತ್ರ ಬದಲಿಸಲು ಬರುವುದಿಲ್ಲ. ಐದರಿಂದ ಹತ್ತು ವರ್ಷಗಳ ಬಾಳಿಕೆ ಮುಗಿದ ಮೇಲೆ ಸೆನ್ಸರನ್ನೇ ಬದಲಾಯಿಸಬೇಕು.

ಕಾರಿನ ಫಲಕದಲ್ಲಿ ಪ್ರತಿ ಗಾಲಿಯ ಒತ್ತಡ ಅಂಕಿಗಳಲ್ಲಿ ಕಾಣುತ್ತಿದ್ದರೆ ಬಹುತೇಕ ಎರಡನೆಯ ಬಗೆ ಎಂದೇ ತಿಳಿಯಬೇಕು. ಕೇವಲ ದೀಪವಿದ್ದು ರೀಸೆಟ್ ಗುಂಡಿಯೋ ಪಟ್ಟಿಯೋ ಇದ್ದರೆ ಮೊದಲನೆಯ ಬಗೆ ಇರಬಹುದು. ವಾಲ್ವ್ ಲೋಹದ್ದಾಗಿದ್ದು ಬುಡದಲ್ಲಿ ನಟ್ ಇದ್ದರೆ ಒಳಗೆ ಸೆನ್ಸರ್ ಇರುವ ಸಂಭವ ಹೆಚ್ಚು. ಆದರೆ ವಾಲ್ವ್ ರಬ್ಬರಿನದ್ದೆಂಬ ಕಾರಣಕ್ಕೆ ಒಳಗೆ ಏನೂ ಇಲ್ಲವೆಂದು ನಂಬಬಾರದು; ರಬ್ಬರ್ ವಾಲ್ವಿಗೆ ಜೋಡಿಸುವ ಸೆನ್ಸರ್‌ಗಳೂ ಇವೆ. ಅನುಮಾನವಿದ್ದಲ್ಲಿ ಕಾರಿನ ಕೈಪಿಡಿ ತೆರೆದು ನೋಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಕಳಚುವ ಕ್ಷಣ

ಸೆನ್ಸರ್ ಮುರಿಯುವುದು ರಸ್ತೆಯ ಮೇಲಲ್ಲ, ಅಂಗಡಿಯಲ್ಲಿ. ರಿಮ್‌ಗೆ ಕಚ್ಚಿಕೊಂಡಿರುವ ಟೈರಿನ ಗಟ್ಟಿ ಅಂಚನ್ನು, ಅಂದರೆ ಬೀಡನ್ನು, ಯಂತ್ರದ ಅಗಲ ಹಲಗೆಯಿಂದ ಒತ್ತಿ ಬಿಡಿಸುವಾಗ ಆ ಹಲಗೆ ವಾಲ್ವಿನ ಬಳಿ ಬಿದ್ದರೆ ಒಳಗಿನ ಪ್ಲಾಸ್ಟಿಕ್ ಪೆಟ್ಟಿಗೆ ಒಡೆಯುತ್ತದೆ. ಆದ್ದರಿಂದ ಬೀಡನ್ನು ವಾಲ್ವಿನಿಂದ ದೂರದ ಭಾಗದಲ್ಲಿಯೇ ಒತ್ತಬೇಕು. ಯಂತ್ರವಿಲ್ಲದೇ ಎರಡು ಲೀವರ್ ಹಾಗೂ ಸುತ್ತಿಗೆಯಿಂದ ಟೈರು ಬಿಚ್ಚುವ ಅಂಗಡಿಗಳು ಹಳ್ಳಿಗಳ ದಾರಿಯಲ್ಲಿ ಇನ್ನೂ ಇವೆ. ಲಾರಿ, ಟ್ರ್ಯಾಕ್ಟರ್ ಟೈರುಗಳಲ್ಲಿ ಆ ಕೈಗಳ ನೈಪುಣ್ಯ ದೊಡ್ಡದು. ಆದರೆ ಸೆನ್ಸರ್ ಇರುವ ಗಾಲಿಯಲ್ಲಿ ಲೀವರ್ ತೂರಿಸುವುದು ಕಣ್ಣು ಕಟ್ಟಿಕೊಂಡು ಕೈ ಹಾಕಿದಂತೆ. ಮೊದಲು ಗಾಳಿ ಪೂರ್ತಿ ಬಿಟ್ಟು, ಬೀಡನ್ನು ದೂರದ ಬದಿಯಲ್ಲಿ ಬಿಡಿಸಿ, ಒಳಗೆ ಇಣುಕಿ ಸೆನ್ಸರ್ ಎಲ್ಲಿದೆಯೆಂದು ಕಣ್ಣಾರೆ ಕಂಡ ನಂತರವೇ ಮುಂದಿನ ಕೆಲಸ. ಹೊಸ ಟೈರು ಏರಿಸುವಾಗಲೂ ಬೀಡು ಬಿಗಿಯಾಗಿ ಎಳೆಯಲ್ಪಡುವ ಭಾಗಕ್ಕೆ ಸೆನ್ಸರ್ ಸಿಕ್ಕದಂತೆ ಗಾಲಿಯನ್ನು ಮೊದಲೇ ತಿರುಗಿಸಿ ನಿಲ್ಲಿಸಿಕೊಳ್ಳಬೇಕು. ಯಾವ ಕೋನದಲ್ಲಿ ನಿಲ್ಲಿಸಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗುವುದರಿಂದ ತಯಾರಕರ ಸೂಚನೆಯನ್ನೇ ಅನುಸರಿಸಬೇಕು.

ವಾಲ್ವಿನ ವಿಷಯದಲ್ಲಿ ಸಣ್ಣ ನಿರ್ಲಕ್ಷ್ಯ ದೊಡ್ಡ ವೆಚ್ಚಕ್ಕೆ ದಾರಿ. ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪನದ ಒಳಕಡ್ಡಿಯನ್ನೇ ಹಾಕಬೇಕು. ಸಾಮಾನ್ಯ ಹಿತ್ತಾಳೆಯ ಒಳಕಡ್ಡಿ ಹಾಕಿದರೆ ಎರಡು ಲೋಹಗಳ ನಡುವೆ ತೇವ ಸೇರಿ ತುಕ್ಕು ಹಿಡಿದು ಒಂದು ದಿನ ಅದು ಬಿಚ್ಚಲಾರದಷ್ಟು ಕಚ್ಚಿಕೊಳ್ಳುತ್ತದೆ. ಅಂದಕ್ಕಾಗಿ ಹಾಕಿಸುವ ಲೋಹದ ಮುಚ್ಚಳಗಳದ್ದೂ ಇದೇ ಕಥೆ. ಪ್ಲಾಸ್ಟಿಕ್ ಮುಚ್ಚಳವೇ ಕ್ಷೇಮ. ವಾಲ್ವಿನ ಬುಡದ ನಟ್ಟನ್ನು ಪಾನಾ ಹಿಡಿದು ಬಲ ಹಾಕಿ ಬಿಗಿದರೆ ವಾಲ್ವ್ ತುಂಡಾಗುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಬಿಗಿ ಬಹಳ ಕಡಿಮೆ. ಅಳತೆಯ ಪಾನಾದಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ಟೈರು ಬಿಚ್ಚಿದಾಗಲೆಲ್ಲ ರಬ್ಬರ್ ಸೀಲು, ನಟ್, ಒಳಕಡ್ಡಿ, ಮುಚ್ಚಳ ಇಷ್ಟನ್ನೂ ಹೊಸದಾಗಿ ಹಾಕುವುದು ವಿದೇಶಗಳಲ್ಲಿ ರೂಢಿ. ಇವು ಸಣ್ಣ ಕಿಟ್ ಆಗಿ ದೊರೆಯುತ್ತವೆ, ಬೆಲೆಯೂ ಸೆನ್ಸರ್‌ಗೆ ಹೋಲಿಸಿದರೆ ಅತ್ಯಲ್ಪ. ಹಳೆಯ ಸೀಲನ್ನೇ ಉಳಿಸಿ ನಾಲ್ಕು ಕಾಸು ಮಿಗಿಸುವ ಅಂಗಡಿಗೆ ಕಾರು ವಾರದೊಳಗೆ ಗಾಳಿ ಸೋರುತ್ತ ಹಿಂದಿರುಗುತ್ತದೆ.

ಈ ಭಾಗದ ಪಂಕ್ಚರ್‌ಗಳಲ್ಲಿ ಬಳ್ಳಾರಿ ಜಾಲಿಯ ಮುಳ್ಳಿನ ಪಾಲು ಎಷ್ಟೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಾಲುವೆಯ ದಾರಿ, ಹೊಲದ ಬದು ಎಲ್ಲೆಲ್ಲೂ ಅದರದ್ದೇ ರಾಜ್ಯ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳು ಮುರಿದು ಒಳಗೇ ಉಳಿದರೆ ಗಾಳಿ ಒಮ್ಮೆಲೇ ಹೋಗದೆ ದಿನಕ್ಕೆ ಒಂದೆರಡು ಪಾಯಿಂಟ್ ಸೋರುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಸೋರಿಕೆಯನ್ನು ಮೊದಲು ಹಿಡಿಯುವುದು ಸೆನ್ಸರ್. ಮೇಲ್ಮೈಯಿಂದಲೇ ರಬ್ಬರ್ ಪಟ್ಟಿ ತೂರಿಸಿ ಮುಚ್ಚುವ ದುರಸ್ತಿಯಿಂದ ಸೆನ್ಸರ್‌ಗೆ ಅಪಾಯ ಕಡಿಮೆ. ಅಪಾಯವಿರುವುದು ಒಳಗೆ ಸುರಿಯುವ ಅಂಟುದ್ರವದಲ್ಲಿ. ಅದು ಸೆನ್ಸರ್‌ನ ಸೂಕ್ಷ್ಮ ರಂಧ್ರವನ್ನು ಮುಚ್ಚಿಬಿಟ್ಟರೆ ಅಳತೆ ತಪ್ಪುತ್ತದೆ. ಸ್ಟೆಪ್ನಿ ಇಲ್ಲದ ಕಾರಿನ ಮಾಲೀಕರು ದಾರಿಯಲ್ಲಿ ಅನಿವಾರ್ಯವಾಗಿ ಅದನ್ನು ಬಳಸಿ ಬಂದಿದ್ದರೆ, ಮೊದಲು ಅದನ್ನು ಕೇಳಿ ತಿಳಿದುಕೊಂಡು, ಟೈರು ಬಿಚ್ಚಿ ಒಳಭಾಗವನ್ನೂ ಸೆನ್ಸರನ್ನೂ ಒರೆಸಿದ ಬಳಿಕ ಮಾತ್ರ ಪ್ಯಾಚ್ ಹಾಕಬೇಕು.

ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದಾಗ ಇನ್ನೊಂದು ತೊಡಕು ಬರುತ್ತದೆ. ಕೆಲವು ಕಾರುಗಳು ಹತ್ತಾರು ಕಿಲೋಮೀಟರ್ ಓಡಿದ ಮೇಲೆ ಯಾವ ಸೆನ್ಸರ್ ಎಲ್ಲಿದೆಯೆಂದು ತಾವಾಗಿಯೇ ಕಲಿತುಕೊಳ್ಳುತ್ತವೆ. ಕೆಲವಕ್ಕೆ ವಿಶೇಷ ಉಪಕರಣದಿಂದ ಹೇಳಿಕೊಡಬೇಕು. ಹೇಳಿಕೊಡದೇ ಬಿಟ್ಟರೆ ಹಿಂದಿನ ಎಡಗಾಲಿಗೆ ಮುಳ್ಳು ಚುಚ್ಚಿದಾಗ ಫಲಕವು ಮುಂದಿನ ಎಡಗಾಲಿಯನ್ನು ತೋರಿಸುತ್ತದೆ. ಮಾಲೀಕರು ಸರಿಯಿರುವ ಟೈರಿಗೆ ಗಾಳಿ ತುಂಬಿಸಿ, ಸೋರುತ್ತಿರುವ ಟೈರಿನ ಮೇಲೆ ಮುಂದೆ ಸಾಗುತ್ತಾರೆ.

ಬೇಸಿಗೆಯ ತಪ್ಪು, ಚಳಿಗಾಲದ ದೀಪ

ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ, ನೀರೆರೆದು ಬಿಗಿಗೊಳಿಸುತ್ತಿದ್ದ ಕಮ್ಮಾರರಿಗೆ ಬಿಸಿಯಲ್ಲಿ ಹಿಗ್ಗುವುದು, ತಂಪಿನಲ್ಲಿ ಕುಗ್ಗುವುದು ಪಾಠ ಹೇಳಬೇಕಾದ ವಿಷಯವಾಗಿರಲಿಲ್ಲ. ಟೈರಿನೊಳಗಿನ ಗಾಳಿಗೂ ಅದೇ ನಿಯಮ. ಉಷ್ಣತೆ 10 ಡಿಗ್ರಿ ಏರಿದರೆ ಕಾರಿನ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚುತ್ತದೆ, ಇಳಿದರೆ ಅಷ್ಟೇ ಕಡಿಮೆಯಾಗುತ್ತದೆ. ಆದುದರಿಂದಲೇ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಬರೆದಿರುವ ಒತ್ತಡ, ಗಾಡಿ ಕೆಲವು ತಾಸು ನಿಂತು ತಣ್ಣಗಾಗಿರುವ ಟೈರಿಗೆ ಹೇಳಿದ್ದು.

"ಬೇಸಿಗೆಯಲ್ಲಿ ಹವಾ ಕಡಿಮೆ ಇಡಬೇಕು, ಇಲ್ಲವಾದರೆ ಟೈರ್ ಒಡೆಯುತ್ತದೆ" ಎಂಬ ಮಾತು ಇಲ್ಲಿ ಬಹುಕಾಲದಿಂದ ಪ್ರಚಲಿತದಲ್ಲಿದೆ. ಲೆಕ್ಕ ಇದಕ್ಕೆ ವಿರುದ್ಧವಾಗಿದೆ. ಮೇ ತಿಂಗಳ ಬೆಳಿಗ್ಗೆ 28 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರು ಮಧ್ಯಾಹ್ನ ಓಡಿ 65 ಡಿಗ್ರಿಗೆ ಕಾದಾಗ ಫಲಕ ಸುಮಾರು 39 ತೋರಿಸುತ್ತದೆ. ಇದು ಸಹಜ, ತಯಾರಕರು ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ 33 ಎಂದು ಬರೆದಿರುತ್ತಾರೆ. ಅಂಕಿ ನೋಡಿ ಗಾಬರಿಗೊಂಡು ಬಿಸಿ ಟೈರಿನಿಂದಲೇ ಗಾಳಿ ಬಿಟ್ಟು 33ಕ್ಕೆ ಇಳಿಸಿದರೆ, ಮರುದಿನ ಮುಂಜಾನೆ ಅದು 28ಕ್ಕೆ ಬಂದು ನಿಂತಿರುತ್ತದೆ. ಒಡೆಯಬಾರದೆಂದು ಮಾಡಿದ ಕೆಲಸವೇ ಟೈರನ್ನು ಒಡೆಯುವ ಕಡೆಗೆ ಒಯ್ಯುತ್ತದೆ.

ಡಿಸೆಂಬರ್‌ನ ಹಳದಿ ದೀಪದ ಗುಟ್ಟೂ ಇಲ್ಲಿಯೇ ಇದೆ. ಅಕ್ಟೋಬರ್‌ನ ಮಧ್ಯಾಹ್ನ ಓಡಿ ಬಂದು 50 ಡಿಗ್ರಿಗೆ ಕಾದಿರುವ ಟೈರಿಗೆ 33 ತುಂಬಿಸಿದರೆ, 15 ಡಿಗ್ರಿಯ ಮುಂಜಾನೆ ಅದು 28ರ ಆಸುಪಾಸು. ರಬ್ಬರಿನ ಮೂಲಕ ತಿಂಗಳಿಗೆ ಒಂದು ಪಿಎಸ್‌ಐಯಷ್ಟು ಗಾಳಿ ತಾನಾಗಿಯೇ ಸೋರುವುದನ್ನು ಸೇರಿಸಿದರೆ ಎರಡು ತಿಂಗಳಲ್ಲಿ 26. ಅದು 33ಕ್ಕಿಂತ ಶೇಕಡಾ 20ರಷ್ಟು ಕಡಿಮೆ, ದೀಪ ಹೊತ್ತಲೇಬೇಕು. ಸಾರಜನಕ ತುಂಬಿಸಿದವರಿಗೂ ಇದರಿಂದ ವಿನಾಯಿತಿ ಇಲ್ಲ. ಸಾರಜನಕದಲ್ಲಿ ತೇವವಿರುವುದಿಲ್ಲ ಎಂಬುದು ಒಳ್ಳೆಯ ಗುಣವೇ, ಆದರೆ ಬಿಸಿಗೆ ಹಿಗ್ಗುವುದರಲ್ಲಿ ಅದಕ್ಕೂ ಸಾಮಾನ್ಯ ಗಾಳಿಗೂ ಗಣನೀಯ ವ್ಯತ್ಯಾಸವಿಲ್ಲ.

ದೀಪದ ಇನ್ನೊಂದು ಭಾಷೆಯನ್ನೂ ಅರಿತಿರಬೇಕು. ಹೊತ್ತಿ ಸ್ಥಿರವಾಗಿ ಉರಿದರೆ ಗಾಳಿ ಕಡಿಮೆ ಎಂದರ್ಥ. ಗಾಡಿ ಚಾಲೂ ಮಾಡಿದಾಗ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿಣುಕಿ ಆನಂತರ ಸ್ಥಿರವಾದರೆ, ಅನೇಕ ಕಾರುಗಳಲ್ಲಿ ಅದು ವ್ಯವಸ್ಥೆಯಲ್ಲಿಯೇ ದೋಷವಿದೆ ಎಂಬ ಸೂಚನೆ: ಬ್ಯಾಟರಿ ಮುಗಿದಿರಬಹುದು, ಸೆನ್ಸರ್ ಒಡೆದಿರಬಹುದು, ಅಥವಾ ಸೆನ್ಸರ್ ಇಲ್ಲದ ಗಾಲಿ ಹಾಕಿರಬಹುದು. ಮೊದಲನೆಯದಕ್ಕೆ ಗಾಳಿ ಸಾಕು, ಎರಡನೆಯದಕ್ಕೆ ಎಷ್ಟು ಗಾಳಿ ತುಂಬಿದರೂ ಸಾಲದು.

ಒಂದು ಸೆನ್ಸರ್, ಎಷ್ಟು ದಿನದ ಕೂಲಿ

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಟೈರು ಬಿಚ್ಚಿ ಹಾಕಿದ್ದಕ್ಕೆ ಅಂಗಡಿಗೆ ಸಿಗುವ ಮಜೂರಿ ಅಲ್ಪ. ಕಂಪನಿಯ ಒಂದು ಸೆನ್ಸರ್‌ನ ಬೆಲೆ ಕೆಲವು ಸಾವಿರ ರೂಪಾಯಿ. ಒಂದು ಮುರಿದರೆ ಹತ್ತಾರು ಟೈರುಗಳ ಮಜೂರಿ ಹೋದಂತೆ. ಅದಕ್ಕಿಂತ ಮುಖ್ಯವಾದದ್ದು ವಿವಾದ. ಸೆನ್ಸರ್ ಮೊದಲೇ ಸತ್ತಿತ್ತೇ, ಅಂಗಡಿಯಲ್ಲಿ ಮುರಿಯಿತೇ ಎಂಬುದನ್ನು ಕೆಲಸ ಮುಗಿದ ಮೇಲೆ ಯಾರೂ ಸಿದ್ಧಪಡಿಸಲಾರರು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವೆಯಲ್ಲಿನ ನ್ಯೂನತೆಗೆ ದೂರು ಕೊಡುವ ಹಕ್ಕನ್ನು ಗ್ರಾಹಕರಿಗೆ ನೀಡಿದೆ. ಸಣ್ಣ ಅಂಗಡಿ ಎಂಬ ಕಾರಣಕ್ಕೆ ಅದರಿಂದ ರಿಯಾಯಿತಿ ದೊರೆಯುವುದಿಲ್ಲ.

ಇದಕ್ಕೆ ಅತಿ ಕಡಿಮೆ ಖರ್ಚಿನ ಉಪಾಯ ಒಂದು ಚೀಟಿ. ಗಾಡಿ ಜ್ಯಾಕ್ ಏರುವ ಮುನ್ನ ಗ್ರಾಹಕರ ಎದುರಿನಲ್ಲಿಯೇ ಎಂಜಿನ್ ಚಾಲೂ ಮಾಡಿಸಿ, ದೀಪ ಉರಿಯುತ್ತಿದೆಯೇ, ನಾಲ್ಕು ಗಾಲಿಗಳ ಅಂಕಿ ಎಷ್ಟು ಎಂಬುದನ್ನು ಬರೆದು ಸಹಿ ಪಡೆಯುವುದು. ಮೊಬೈಲ್‌ನಲ್ಲಿ ಫಲಕದ ಒಂದು ಚಿತ್ರ ತೆಗೆದರೆ ಇನ್ನೂ ಒಳಿತು. ಕೆಲಸ ಮುಗಿದ ನಂತರ ಮತ್ತೊಮ್ಮೆ ಅದೇ ರೀತಿ. ಐದಾರು ವರ್ಷ ಹಳೆಯ ಕಾರಾದರೆ "ಸೆನ್ಸರ್‌ನ ಬ್ಯಾಟರಿ ಮುಗಿಯುವ ಕಾಲ ಬಂದಿದೆ, ಟೈರಿನ ಜೊತೆಗೇ ಬದಲಿಸುವುದಾದರೆ ಮತ್ತೆ ಬಿಚ್ಚುವ ಮಜೂರಿ ಉಳಿಯುತ್ತದೆ" ಎಂದು ಮೊದಲೇ ಹೇಳಿಬಿಡುವುದು ಪ್ರಾಮಾಣಿಕ ವ್ಯಾಪಾರವೂ ಹೌದು, ಲಾಭದ ವ್ಯಾಪಾರವೂ ಹೌದು.

ಸೆನ್ಸರ್‌ಗಳನ್ನು ಎಬ್ಬಿಸಿ ಓದುವ, ಹೊಸದಕ್ಕೆ ಹಳೆಯದರ ಗುರುತಿನ ಸಂಖ್ಯೆಯನ್ನು ನಕಲು ಮಾಡುವ ಕೈ ಉಪಕರಣವನ್ನು ಪ್ರತಿಯೊಂದು ಅಂಗಡಿಯೂ ಕೊಳ್ಳುವುದು ಈಗಿನ ಗಿರಾಕಿಯ ಪ್ರಮಾಣಕ್ಕೆ ಹೊಂದುವುದಿಲ್ಲ. ಆದರೆ ಒಂದೊಂದು ಊರಿನಲ್ಲಿ ಒಂದು ಉಪಕರಣವಿದ್ದರೂ ಸೆನ್ಸರ್ ಓದಿಸುವುದಕ್ಕಾಗಿ ಕಲಬುರಗಿಯವರೆಗೆ ಹೋಗುವ ಪ್ರಮೇಯ ತಪ್ಪುತ್ತದೆ. ಯಾದಗಿರಿಯಲ್ಲಿ ನಾಲ್ಕು ಅಂಗಡಿಗಳು ಪಾಲು ಹಾಕಿ ಒಂದನ್ನು ಕೊಂಡು ಬಾಡಿಗೆಯ ಲೆಕ್ಕದಲ್ಲಿ ಬಳಸಿಕೊಳ್ಳಬಹುದು. ಗಂಜಿನಲ್ಲಿ ತೂಕದ ಕಾಟಾವನ್ನು ಹತ್ತು ಜನ ಬಳಸುವಂತೆ ಇದನ್ನೂ ಬಳಸಲು ಅಡ್ಡಿಯಿಲ್ಲ. ವಾಣಿಜ್ಯ ಸಂಸ್ಥೆಗಳು ಟೈರ್ ಕಂಪನಿಗಳ ತಂತ್ರಜ್ಞರನ್ನು ಕರೆಸಿ, ಒಡೆದ ಸೆನ್ಸರ್ ಇರುವ ಒಂದು ಹಳೆಯ ಗಾಲಿಯನ್ನು ಮುಂದಿಟ್ಟುಕೊಂಡು ಅರ್ಧ ದಿನದ ತರಬೇತಿ ನಡೆಸಿದರೆ ಭಾಷಣಗಳಿಗಿಂತ ಹೆಚ್ಚಿನ ಉಪಕಾರವಾದೀತು.

ಟೈರಿನ ದರದಲ್ಲಿಯೂ ಈಗ ಅನುಕೂಲವಿದೆ. 2025ರ ಸೆಪ್ಟೆಂಬರ್ 22ರಿಂದ ಕಾರು, ಲಾರಿಗಳ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ, ಟ್ರ್ಯಾಕ್ಟರ್ ಟೈರುಗಳದ್ದು 18ರಿಂದ 5ಕ್ಕೆ ಇಳಿದಿದೆ. ಸವೆದ ಟೈರನ್ನು ಇನ್ನೊಂದು ಹಂಗಾಮಿಗೆ ಎಳೆಯುತ್ತಿದ್ದವರು ಬದಲಿಸಲು ಮುಂದಾದರೆ ಸೆನ್ಸರ್ ಇರುವ ಗಾಲಿಗಳೂ ಅಂಗಡಿಗೆ ಹೆಚ್ಚಾಗಿ ಬರತೊಡಗುತ್ತವೆ.

ಸೆನ್ಸರ್ ಇಲ್ಲದ ಹಳೆಯ ಕಾರು, ಹತ್ತಿ ಹೇರುವ ಲಾರಿಗಳ ಮಾಲೀಕರಿಗೆ ವಾಲ್ವಿನ ತುದಿಗೆ ಮುಚ್ಚಳದಂತೆ ತಿರುಗಿಸಿ ಕೂರಿಸುವ ಹೊರಗಿನ ಸೆನ್ಸರ್‌ಗಳು ಮಾರುಕಟ್ಟೆಯಲ್ಲಿವೆ. ಟೈರು ಬಿಚ್ಚಬೇಕಾಗಿಲ್ಲ, ಬ್ಯಾಟರಿಯನ್ನೂ ಬದಲಿಸಬಹುದು. ಗಾಳಿ ತುಂಬುವಾಗಲೆಲ್ಲ ತೆಗೆಯಬೇಕು, ರಾತ್ರಿ ನಿಲ್ಲಿಸಿದ ಕಡೆ ಕಳುವಾಗಬಹುದು, ಹಳೆಯ ರಬ್ಬರ್ ವಾಲ್ವಿಗೆ ಅದರ ತೂಕ ಹೊರೆಯಾಗಬಹುದು ಎಂಬ ಕೊರತೆಗಳಿದ್ದರೂ, ಜೋಡಿ ಟೈರಿನ ಒಳಗಡೆಯದು ಇಳಿದದ್ದನ್ನು ಕೋಲಿನಿಂದ ಬಡಿದು ಶಬ್ದದ ಮೇಲೆ ಗುರುತಿಸಬೇಕಾದ ಲಾರಿ ಚಾಲಕರಿಗೆ ಇದು ಅಗ್ಗದ ಕಾವಲುಗಾರ. ಒಂದೇ ಷರತ್ತೆಂದರೆ, ಎಷ್ಟಕ್ಕೆ ಇಳಿದರೆ ಕೂಗಬೇಕೆಂಬ ಅಂಕಿಯನ್ನು ಅದರಲ್ಲಿ ಸರಿಯಾಗಿ ತುಂಬಿರಬೇಕು. ಆ ಅಂಕಿಯನ್ನು ತಣ್ಣನೆಯ ಟೈರಿನ ಒತ್ತಡದ ಮೇಲೆ, ಮುಂಜಾನೆ ಗಾಡಿ ಕದಲುವ ಮುನ್ನವೇ ನಿಗದಿ ಮಾಡಿಕೊಳ್ಳತಕ್ಕದ್ದು.